ಅಂಚು ಹೊಲಿಯುವ ಮೊದಲು ಎಳೆ ಎಣಿಸು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕ್ಯಾನ್ವಾಸ್ ಕಸೂತಿಯ ಫೋಟೊ ನೋಡಿದೆ. ಹಕ್ಕಿಯ ರೆಕ್ಕೆಯಲ್ಲಿ ನೀಲಿ ಎಷ್ಟು ನಯವಾಗಿ ತಿಳಿಯಾಗುತ್ತಾ ಬಂದಿದೆ! ಇಂಥ ಚಿತ್ರಕ್ಕೆ ಅಂಚು ಬೇಕೆಂದು ನಿನಗೆ ಅನ್ನಿಸಿದ್ದು ಸರಿಯೇ. ಆದರೆ ಒಂದು ಮೂಲೆಯಿಂದ ಶುರುಮಾಡಿ ಸುತ್ತ ಚೌಕಗಳನ್ನು ಹೊಲಿದುಕೊಂಡು ಬರುತ್ತೇನೆ ಎಂದಿದ್ದೀಯಲ್ಲ, ಅದು ಬೇಡ ಮಗಳೇ. ಎಣಿಸದೆ ಹೊರಟರೆ ಮುಂದಿನ ಮೂಲೆ ತಲುಪುವಷ್ಟರಲ್ಲಿ ಅರ್ಧ ಚೌಕ ಉಳಿದುಬಿಡುತ್ತದೆ. ಅಂಚಿನ ಅಂದವೆಲ್ಲ ಮೂಲೆಯಲ್ಲಿದೆ. ಅದನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ತೀರ್ಮಾನಿಸಿಕೊ.

ನಿನ್ನದು ಇಂಚಿಗೆ 13 ಎಳೆಯ ಕ್ಯಾನ್ವಾಸ್. ಚಿತ್ರ 10 ಇಂಚು ಅಗಲ, 8 ಇಂಚು ಎತ್ತರ ಎಂದೆ. ಅಂದರೆ ಅಗಲಕ್ಕೆ 130 ಎಳೆ, ಎತ್ತರಕ್ಕೆ 104. ಇಂಚುಪಟ್ಟಿಯನ್ನು ನಂಬಬೇಡ, ಎಳೆಗಳನ್ನೇ ಎಣಿಸಿ ಖಚಿತ ಮಾಡಿಕೊ. ನಿನಗಿಷ್ಟವಾದ ಸ್ಕಾಚ್ ಹೊಲಿಗೆಯ ಚೌಕ ನಾಲ್ಕು ಎಳೆಯದು: ಏಳು ಓರೆ ಹೊಲಿಗೆ, ಚಿಕ್ಕದರಿಂದ ದೊಡ್ಡದಾಗಿ ಮತ್ತೆ ಚಿಕ್ಕದಾಗುವುದು. 104 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ, 130 ಆಗುವುದಿಲ್ಲ, ಎರಡು ಎಳೆ ಮಿಗುತ್ತವೆ. ಹಿನ್ನೆಲೆಯ ಬಣ್ಣದಲ್ಲೇ ಎಡಕ್ಕೊಂದು ಬಲಕ್ಕೊಂದು ಟೆಂಟ್ ಹೊಲಿಗೆಯ (ಎಳೆಗಳು ಕೂಡುವ ಒಂದೊಂದೇ ಜಾಗವನ್ನು ದಾಟುವ ಚಿಕ್ಕ ಓರೆ ಹೊಲಿಗೆಯ) ಸಾಲು ಸೇರಿಸು, 132 ಆಗುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿತ್ರಕ್ಕೂ ಚೌಕಗಳಿಗೂ ನಡುವೆ ಗಾಢ ಬಣ್ಣದ ಗೆರೆಯೊಂದು ಇರಲಿ. ಇಲ್ಲದಿದ್ದರೆ ಅಂಚು ಹಕ್ಕಿಯ ಮೇಲೇ ಬಂದು ಬಿದ್ದಂತೆ ಕಾಣುತ್ತದೆ. ಸುತ್ತ ಎರಡು ಸಾಲಿನ ಗೆರೆ ಹಾಕಿದರೆ ಅಳತೆ 136 ಮತ್ತು 108, ಅಂದರೆ ಅಗಲಕ್ಕೆ 34 ಚೌಕ, ಎತ್ತರಕ್ಕೆ 27. ಮೂಲೆಯ ನಾಲ್ಕು ಚೌಕಗಳು ಬೇರೆ.

ಇಲ್ಲೊಂದು ಸೂಕ್ಷ್ಮವಿದೆ. ಎರಡು ಬಣ್ಣಗಳನ್ನು ಒಂದು ಬಿಟ್ಟು ಒಂದು ಹಾಕುತ್ತೀಯಾದರೆ, ನಾಲ್ಕೂ ಮೂಲೆ ಒಂದೇ ಬಣ್ಣದ್ದಾಗಲು ನಡುವಿನ ಚೌಕಗಳು ಬೆಸಸಂಖ್ಯೆಯಲ್ಲಿರಬೇಕು. 27 ಸರಿಹೋಗುತ್ತದೆ, 34 ಹೋಗುವುದಿಲ್ಲ. ಆ ಎರಡು ಬದಿಗಳಲ್ಲಿ ಎರಡೂ ಮೂಲೆಗಳಿಂದ ಹದಿನೇಳು ಹದಿನೇಳು ಚೌಕ ಎಣಿಸಿಕೊಂಡು ಬಾ. ನಟ್ಟನಡುವೆ ಒಂದೇ ಬಣ್ಣದ ಎರಡು ಚೌಕ ಅಕ್ಕಪಕ್ಕ ಬರುತ್ತವೆ. ಅವನ್ನು ಬಿಟ್ಟು ಆ ಜಾಗದಲ್ಲಿ ಪುಟ್ಟ ಹೂವೊಂದನ್ನು ಹೊಲಿ. ಲೆಕ್ಕದ ತೊಡಕು ಅಲಂಕಾರವಾಗುತ್ತದೆ. ಇಂಥ ಜಾಗಗಳೇ ಈ ಕೆಲಸದಲ್ಲಿ ನನಗೆ ಬಹಳ ಇಷ್ಟ.

ಚೌಕಗಳ ಓರೆಯನ್ನೂ ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಿಸು. ಎಲ್ಲವೂ ಒಂದೇ ಕಡೆಗೆ ವಾಲಿದರೆ ಕ್ಯಾನ್ವಾಸನ್ನೂ ಅದೇ ಕಡೆಗೆ ಎಳೆದು ಸೊಟ್ಟ ಮಾಡುತ್ತವೆ. ಚೌಕಟ್ಟಿಗೆ ಬಿಗಿದುಕೊಂಡೇ ಹೊಲಿ.

ಬಣ್ಣಕ್ಕಾಗಿ ಹೊಸ ದಾರ ಹುಡುಕಬೇಡ. ಗೆರೆಗೆ ರೆಕ್ಕೆಯ ಗಾಢ ನೀಲಿ, ಚೌಕಗಳಿಗೆ ಎಲೆಯ ಹಸಿರು ಮತ್ತು ಹಿನ್ನೆಲೆಯ ಕೆನೆಬಣ್ಣ ಸಾಕು. ಚಿತ್ರದಲ್ಲಿಲ್ಲದ ಬಣ್ಣ ಅಂಚಿಗೆ ಬಂದರೆ ನೋಡುವವರ ಕಣ್ಣು ಹಕ್ಕಿಯನ್ನು ಬಿಟ್ಟು ಅಲ್ಲಿಗೇ ಓಡುತ್ತದೆ. ದಾರವನ್ನು 18 ಇಂಚಿಗಿಂತ ಉದ್ದ ಕತ್ತರಿಸಬೇಡ, ಕ್ಯಾನ್ವಾಸಿಗೆ ಉಜ್ಜಿ ಉಜ್ಜಿ ನವೆದುಹೋಗುತ್ತದೆ. ನೇರ ಹೊಲಿಗೆಯ ಅಂಚು ಬೇಕೆನಿಸಿದರೆ ಮೊದಲು ಪಕ್ಕದ ಖಾಲಿ ಜಾಗದಲ್ಲಿ ಹೊಲಿದು ನೋಡು. ಟೆಂಟ್ ಹೊಲಿಗೆಗೆ ಸಾಕಾಗುವ ದಾರ ನೇರ ಹೊಲಿಗೆಗೆ ತೆಳುವಾಗಿ, ನಡುವೆ ಕ್ಯಾನ್ವಾಸ್ ಇಣುಕುತ್ತದೆ. ಆಗ ದಾರದ ಒಂದು ಎಳೆ ಹೆಚ್ಚು ಸೇರಿಸಿಕೊ.

ಫ್ರೇಮ್ ಹಾಕಿಸುವವಳಾದರೆ ಅಂಚಿನ ಹೊರಗೆ ಇನ್ನೂ ನಾಲ್ಕು ಸಾಲು ಟೆಂಟ್ ಹೊಲಿಗೆ ಹಾಕು. ಫ್ರೇಮಿನ ತುಟಿ ಸುಮಾರು ಕಾಲು ಇಂಚು ನುಂಗುತ್ತದೆ, ಅದರಡಿ ಚೌಕಗಳು ಮುಚ್ಚಿಹೋಗಬಾರದು. ಅದರಾಚೆ ಎರಡು ಇಂಚು ಖಾಲಿ ಕ್ಯಾನ್ವಾಸ್ ಉಳಿಯಬೇಕು. ಕೊನೆಯಲ್ಲಿ ತೇವ ಮಾಡಿ, ಹಲಗೆಯ ಮೇಲೆ ಎಳೆದು ಪಿನ್ನು ಚುಚ್ಚಿ ಒಣಗಿಸಲು ಆ ಜಾಗ ಬೇಕೇ ಬೇಕು. ಬಣ್ಣ ಬಿಡುವ ದಾರವೇನೋ ಎಂದು ಮೊದಲೇ ಒದ್ದೆ ಬಟ್ಟೆಯಿಂದ ಒತ್ತಿ ನೋಡಿಕೊ.

ಇಷ್ಟು ಜಾಗ ನಿನ್ನ ಕ್ಯಾನ್ವಾಸಿನಲ್ಲಿ ಇದೆಯೇ ಎಂದು ಇವತ್ತೇ ಅಳೆದು ತಿಳಿಸು. ಸಾಲದಿದ್ದರೆ ಚೌಕಗಳನ್ನು ಕೈಬಿಟ್ಟು ನೀಲಿ ಗೆರೆಯೊಂದನ್ನೇ ಉಳಿಸೋಣ, ಅದೂ ನಿನ್ನ ಹಕ್ಕಿಗೆ ಒಪ್ಪುತ್ತದೆ. ಗ್ರಾಫ್ ಹಾಳೆಯಲ್ಲಿ ಒಂದು ಮೂಲೆ ಬರೆದು ಕಳಿಸು, ಸೂಜಿ ಹಿಡಿಯುವ ಮೊದಲು ಇಬ್ಬರೂ ಸೇರಿ ನೋಡೋಣ.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ