ಬ್ರಿಜ್ ಕೂಟದಲ್ಲಿ ಅವ್ಯವಸ್ಥೆ

ಮಾನ್ಯರೇ,

ಇತ್ತೀಚೆಗೆ ಹೊರರಾಜ್ಯದಲ್ಲಿ ನಡೆದ ಅಂತರರಾಷ್ಟ್ರೀಯ ಬ್ರಿಜ್ (ಜೋಡಿಗಳಾಗಿ ಆಡುವ ಇಸ್ಪೀಟಿನ ಆಟ) ಚಾಂಪಿಯನ್‌ಷಿಪ್‌ಗೆ ದಾವಣಗೆರೆಯಿಂದ ಜೋಡಿಯಾಗಿ ಹೋಗಿದ್ದ ನಮಗೆ ಅಲ್ಲಿನ ಅವ್ಯವಸ್ಥೆ ತೀವ್ರ ಬೇಸರ ತಂದಿದೆ. ಬೆಳಿಗ್ಗೆ ಆರಂಭವಾಗಬೇಕಿದ್ದ ಸುತ್ತು ಮಧ್ಯಾಹ್ನವಾದರೂ ಶುರುವಾಗಲಿಲ್ಲ.

ಡೂಪ್ಲಿಕೇಟ್ ಬ್ರಿಜ್‌ನಲ್ಲಿ ಒಂದೇ ಹಂಚಿಕೆಯ ಎಲೆಗಳನ್ನು ಬೇರೆ ಬೇರೆ ಟೇಬಲ್‌ಗಳಲ್ಲಿ ಆಡಿಸಿ, ಅಂಕಗಳನ್ನು ಪರಸ್ಪರ ಹೋಲಿಸಿ ಫಲಿತಾಂಶ ನಿರ್ಧರಿಸುವುದರಿಂದ ಅದೃಷ್ಟದ ಪಾತ್ರ ತಗ್ಗಿ ಜಾಣ್ಮೆಗೆ ಬೆಲೆ ಬರುತ್ತದೆ. ಆದರೆ ನಮ್ಮ ಟೇಬಲ್‌ಗೆ ಬಂದ ಬೋರ್ಡೊಂದರಲ್ಲಿ (ಹಂಚಿದ ಎಲೆಗಳನ್ನಿಟ್ಟು ಟೇಬಲ್‌ನಿಂದ ಟೇಬಲ್‌ಗೆ ಸಾಗಿಸುವ ತಟ್ಟೆ) ಒಬ್ಬರ ಪಾಲಿಗೆ 13ರ ಬದಲು 14 ಎಲೆಗಳಿದ್ದವು, ಎದುರಾಳಿಯ ಪಾಲಿಗೆ 12. ಹಿಂದಿನ ಟೇಬಲ್‌ನವರು ಎಲೆಗಳನ್ನು ತಪ್ಪಾಗಿ ಹಿಂದಿರಿಸಿದ್ದರೆ ಅದನ್ನು ಸರಿಪಡಿಸಬೇಕಾದವರು ತೀರ್ಪುಗಾರರು. ಇಡೀ ಸಭಾಂಗಣಕ್ಕೆ ಇದ್ದವರು ಒಬ್ಬರೇ, ಅವರು ಬರುವಷ್ಟರಲ್ಲಿ ಸುತ್ತಿನ ಸಮಯವೇ ಮುಗಿದಿತ್ತು. ನಾವು ಲಿಖಿತವಾಗಿ ಸಲ್ಲಿಸಿದ ಆಕ್ಷೇಪಣೆಗೆ ಈವರೆಗೂ ಉತ್ತರ ಬಂದಿಲ್ಲ. ಊಟ, ವಸತಿಯ ಕೊರತೆಯನ್ನು ಸಹಿಸಬಹುದು, ಅಂಕಗಳಲ್ಲಿ ಆಗುವ ಅನ್ಯಾಯವನ್ನಲ್ಲ.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಪುರುಷರ ಜೋಡಿ ವಿಭಾಗದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದುಕೊಟ್ಟರು. ಹಾಗಿದ್ದರೂ ಇಸ್ಪೀಟೆಂದರೆ ಜೂಜೆಂದೇ ತಿಳಿಯುವ ನಮ್ಮ ಕಡೆ ಮಕ್ಕಳನ್ನು ಈ ಆಟಕ್ಕೆ ಕಳುಹಿಸಲು ಪೋಷಕರು ಇಂದಿಗೂ ಹಿಂಜರಿಯುತ್ತಾರೆ. ಇಂಥ ಕೂಟಗಳನ್ನು ಕಂಡ ಮೇಲೆ ಅವರನ್ನು ಒಪ್ಪಿಸುವುದು ಇನ್ನೂ ಕಷ್ಟ.

ಆಯೋಜಕರು ವಿವಾದಿತ ಬೋರ್ಡ್‌ಗಳ ಅಂಕಗಳನ್ನು ಮರುಪರಿಶೀಲಿಸಿ ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಬೇಕು. ಟೇಬಲ್‌ಗಳ ಸಂಖ್ಯೆಗೆ ತಕ್ಕಷ್ಟು ತರಬೇತಿ ಪಡೆದ ತೀರ್ಪುಗಾರರಿಲ್ಲದ ಕೂಟಗಳಿಗೆ ಮುಂದೆ ಮಾನ್ಯತೆಯನ್ನೇ ನೀಡಬಾರದು.

– ನೊಂದ ಸ್ಪರ್ಧಿ, ದಾವಣಗೆರೆ