ಘಟ್ಟದ ಮಳೆಗೆ ತಕ್ಕ ಟೈರು

ಮಾನ್ಯ ಸಂಪಾದಕರೇ,

ಹಿಮಾಲಯನ್, ಎಕ್ಸ್‌ಪಲ್ಸ್‌ನಂತಹ ಅಡ್ವೆಂಚರ್ ಬೈಕುಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚಿದಂತೆ, ಅವುಗಳಿಗೆ ದಪ್ಪ ಗಡ್ಡೆಗಳ ಬಟನ್ ಟೈರು ಹಾಕಿಸುವ ಹುಮ್ಮಸ್ಸೂ ಹೆಚ್ಚಿದೆ. ವಿಡಿಯೋಗಳಲ್ಲಿ ಲಡಾಖಿನ ಕಲ್ಲುದಾರಿಯನ್ನೋ ಸ್ಪಿತಿಯ ಹಳ್ಳಗಳನ್ನೋ ನೋಡಿ ಮಾಡುವ ಈ ಆಯ್ಕೆಯು ಶಿರಸಿ, ಕುಮಟಾ, ಕಾರವಾರಗಳ ನಡುವೆ ಓಡಾಡುವ ಬಹುಪಾಲು ಸವಾರರಿಗೆ ಹೊಂದುವುದಿಲ್ಲ, ಮಳೆಗಾಲದಲ್ಲಂತೂ ಅಪಾಯಕ್ಕೆ ದಾರಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ದಾರಿಗಳ ಸ್ವರೂಪವನ್ನೇ ನೋಡೋಣ. ದೇವಿಮನೆ, ಅರಬೈಲ್, ವಡ್ಡಿ, ಅಣಶಿ ಘಟ್ಟಗಳಲ್ಲಿ ಯಾವುದನ್ನು ಇಳಿದರೂ ನಮಗೆ ಎದುರಾಗುವುದು ತಿಂಗಳುಗಟ್ಟಲೆ ಒಣಗದ ಡಾಂಬರು, ಮರಗಳ ನೆರಳಿನಲ್ಲಿ ಅಂಚಿನುದ್ದಕ್ಕೂ ಕಟ್ಟಿದ ಹಾವಸೆ, ಕೊಳೆತ ತರಗೆಲೆ, ಲಾರಿಗಳು ತಿರುವಿನಲ್ಲಿ ಚೆಲ್ಲಿಹೋದ ಡೀಸೆಲ್. ಕೆಂಪು ರಾಡಿ ಸಿಗುವುದು ಹೆಚ್ಚಾಗಿ ರಸ್ತೆ ಕಾಮಗಾರಿ ನಡೆಯುವಲ್ಲಿ, ಧರೆ ಕುಸಿದಲ್ಲಿ, ಇಲ್ಲವೇ ಹೆದ್ದಾರಿ ಬಿಟ್ಟು ತೋಟದ ಮನೆಗೆ ತಿರುಗುವ ಕೊನೆಯ ಹಾದಿಯಲ್ಲಿ. ಆ ಹಾದಿಯಲ್ಲಿ ನಮ್ಮ ವೇಗ ನಡಿಗೆಗಿಂತ ಸ್ವಲ್ಪ ಹೆಚ್ಚು ಇರುತ್ತದೆ, ಬಿದ್ದರೂ ಬಟ್ಟೆ ಕೆಸರಾಗುವುದೇ ಹೆಚ್ಚು. ಘಟ್ಟದ ತಿರುವಿನಲ್ಲಿ ಎದುರಿಗೆ ಬಸ್ಸು ಬರುತ್ತಿರುವಾಗ ಮುಂದಿನ ಚಕ್ರ ಜಾರಿದರೆ ಆಗುವುದೇ ಬೇರೆ.

ಬಟನ್ ಟೈರು ರಾಡಿಯಲ್ಲಿ ಹಿಡಿಯುವುದು ಅದರ ಗಡ್ಡೆಗಳ ನಡುವಿನ ಅಗಲವಾದ ಖಾಲಿ ಜಾಗದಿಂದ. ಗಡ್ಡೆ ಮಣ್ಣಿನೊಳಗೆ ಇಳಿಯುತ್ತದೆ, ಚಕ್ರ ತಿರುಗಿದಂತೆ ಅಂಟಿದ ಜೇಡಿ ಆ ಸಂದುಗಳಿಂದ ಹೊರಗೆ ಚಿಮ್ಮುತ್ತದೆ. ಗಟ್ಟಿ ಡಾಂಬರಿನಲ್ಲಿ ಗಡ್ಡೆ ಒಳಗೆ ಇಳಿಯಲು ಎಡೆಯಿಲ್ಲ. ಅಲ್ಲಿ ನೆಲವನ್ನು ಮುಟ್ಟುವ ರಬ್ಬರಿನ ಪ್ರಮಾಣವೇ ಮುಖ್ಯವಾಗುತ್ತದೆ, ಮತ್ತು ಬಟನ್ ಟೈರಿನಲ್ಲಿ ಆ ಪ್ರಮಾಣ ಕಡಿಮೆ. ಬ್ರೇಕ್ ಹಿಡಿದಾಗ ಎತ್ತರದ ಗಡ್ಡೆಗಳು ಬಾಗುತ್ತವೆ. ಬೈಕು ವಾಲಿದಾಗ ಭಾರವು ನಡುಸಾಲಿನಿಂದ ಅಂಚಿನ ಸಾಲಿಗೆ ದಾಟುವಲ್ಲಿ ಸವಾರನಿಗೆ ಅಳುಕು ಹುಟ್ಟಿಸುವಂತಹ ಒಂದು ತೊನೆತವೂ ಇರುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆ ಚಕ್ರ ಕಚ್ಚಿ ನಿಲ್ಲದಂತೆ ತಡೆಯಬಲ್ಲದೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಜೋಯಿಡಾದ ಒಳಹಳ್ಳಿಗಳಲ್ಲಿ, ಮಳೆಗಾಲದುದ್ದಕ್ಕೂ ದಿನವೂ ಮೈಲಿಗಟ್ಟಲೆ ಜೇಡಿಮಣ್ಣಿನಲ್ಲಿ ಓಡಾಡಲೇಬೇಕಾದವರಿಗೆ ಬಟನ್ ಟೈರು ಬೇಕೇ ಬೇಕು. ಅವರಿಗೆ ಈ ಮಾತು ಅನ್ವಯಿಸುವುದಿಲ್ಲ. ಉಳಿದವರಿಗೆ ನಾನು ಹೇಳುವುದು ಡಾಂಬರಿಗೆ ಎಪ್ಪತ್ತು, ಮಣ್ಣಿಗೆ ಮೂವತ್ತು ಎಂದು ಗುರುತಿಸುವ ನಡುವಣ ಬಗೆಯ ಟೈರನ್ನು: ಹತ್ತಿರ ಹತ್ತಿರವಿರುವ ಅಗಲ ಗಡ್ಡೆಗಳು, ನೀರು ಹರಿದುಹೋಗಲು ಆಳವಾದ ಕಾಲುವೆಗಳು, ಮೆದು ರಬ್ಬರು. 80/20, 50/50 ಎಂಬ ಈ ಅಂಕಿಗಳು ತಯಾರಕರು ತಾವೇ ಕೊಟ್ಟುಕೊಂಡ ಅಂದಾಜುಗಳು; ಇವಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲವಾದ್ದರಿಂದ ಟೈರನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು.

ನೋಡುವಾಗ ಬದಿಯ ಬರಹವನ್ನೂ ಓದಬೇಕು. ಹಳೆಯ 411 ಸಿಸಿ ಹಿಮಾಲಯನ್‌ಗೆ ಮುಂದೆ 90/90-21, ಹಿಂದೆ 120/90-17 (ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಟೈರಿನ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ಅಳತೆ). ಎಕ್ಸ್‌ಪಲ್ಸ್ 200ಕ್ಕೆ ಮುಂದಿನದು ಅದೇ ಅಳತೆಯಾದರೂ ಹಿಂದಿನ ರಿಮ್ 18 ಇಂಚಿನದು. ಚೆಂದಕ್ಕಾಗಿ ಕಿರಿದಾದ ರಿಮ್ಮಿಗೆ ಅಗಲದ ಟೈರು ತೊಡಿಸಿದರೆ ಅದರ ಬದಿಗಳು ಒಳಕ್ಕೆ ಹಿಂಡಿಕೊಂಡು ನಡುಭಾಗ ಉಬ್ಬುತ್ತದೆ, ಹೆಚ್ಚು ಕೊಟ್ಟು ಕೊಂಡ ಅಗಲ ನೆಲಕ್ಕೆ ಪೂರ್ತಿ ತಾಗುವುದೇ ಇಲ್ಲ. ಅಳತೆಯ ಪಕ್ಕದ 57, 64ರಂತಹ ಸಂಖ್ಯೆ ಹೊರಬಲ್ಲ ಭಾರದ ಗುರುತು: 57 ಎಂದರೆ 230 ಕಿಲೊ, 64 ಎಂದರೆ 280 ಕಿಲೊ. ಹಿಂದೆ ಒಬ್ಬರನ್ನು ಕೂರಿಸಿ, ಮೇಲೆ ಚೀಲ ಕಟ್ಟಿ ಘಟ್ಟ ಹತ್ತುವವರು ಇದನ್ನು ಕಡೆಗಣಿಸುವಂತಿಲ್ಲ.

ತಯಾರಿಕೆಯ ದಿನಾಂಕಕ್ಕೆ ನಾನು ಇನ್ನೂ ಹೆಚ್ಚಿನ ತೂಕ ಕೊಡುತ್ತೇನೆ. ಟೈರಿನ ಬದಿಯಲ್ಲಿ ಅಚ್ಚೊತ್ತಿರುವ ಡಿಒಟಿ (DOT) ಗುರುತಿನ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೇ ವಾರದ ಟೈರು. ನಮ್ಮಲ್ಲಿ ಬೇಗ ಸವೆಯುವ ಹಿಂದಿನ ಟೈರನ್ನಷ್ಟೇ ಬದಲಿಸಿ, ಗಡ್ಡೆ ಇನ್ನೂ ಇದೆಯೆಂದು ಮುಂದಿನದನ್ನು ವರ್ಷಗಟ್ಟಲೆ ಹಾಗೇ ಬಿಡುವ ರೂಢಿಯಿದೆ. ದ್ವಿಚಕ್ರ ವಾಹನಕ್ಕೆ ಕಾನೂನು ಕೇಳುವ ಟೈರಿನ ಕಾಲುವೆಗಳ ಕನಿಷ್ಠ ಆಳ 0.8 ಮಿಲಿಮೀಟರ್, ಅದಕ್ಕಿಂತ ಎಷ್ಟೋ ಹೆಚ್ಚು ಆಳ ಉಳಿದಿದ್ದರೂ ರಬ್ಬರು ಗಡಸಾಗಿಬಿಟ್ಟ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದಿಷ್ಟು ಅವಕಾಶವಿರುತ್ತದೆ, ಮುಂದಿನದು ಅದನ್ನು ಕೊಡುವುದಿಲ್ಲ. ಹಣ ಉಳಿಸಲೇಬೇಕಿದ್ದರೆ ಬೇರೆ ಯಾವುದರಲ್ಲಾದರೂ ಉಳಿಸಿರಿ.

ಗಾಳಿಯ ವಿಷಯದಲ್ಲಿ ಬೈಕಿನ ಕೈಪಿಡಿಯನ್ನೇ ನಂಬಬೇಕು. ರಾಡಿಗೆಂದು ಗಾಳಿ ತೀರಾ ಇಳಿಸಿದರೆ, ಟ್ಯೂಬ್ ಇರುವ ಚಕ್ರಗಳಲ್ಲಿ ಟೈರು ರಿಮ್ಮಿನ ಮೇಲೆ ಜರುಗಿ ವಾಲ್ವಿನ ಬುಡವೇ ಹರಿಯಬಹುದು. ಇನ್ನು ಕಡಲತೀರದಲ್ಲಿ ಓಡಿಸಲೆಂದೇ ಬಟನ್ ಟೈರು ಹಾಕಿಸುವವರಲ್ಲಿ ನನ್ನ ವಿನಂತಿ: ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವ ನಮ್ಮ ಮರಳಿಗೆ ಯಾವ ಟೈರೂ ಬೇಡ.

ಅಂಗಡಿಯವರು ತಯಾರಿಕೆಯ ವಾರವನ್ನು ಬಿಲ್ಲಿನಲ್ಲೇ ಬರೆದುಕೊಡಲಿ. ಗಿರಾಕಿಗೆ ಟೈರು ತೋರಿಸುವ ಮುನ್ನ, ದಿನವೂ ಯಾವ ದಾರಿಯಲ್ಲಿ ಓಡಾಡುತ್ತೀರಿ ಎಂದು ವಿಚಾರಿಸಲಿ. ತಮ್ಮ ಪತ್ರಿಕೆಯೂ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಈ ಕುರಿತು ಅರ್ಧ ಪುಟದ ಮಾಹಿತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ, ಶಿರಸಿ