ಅರ್ಜಿ ಹಾಕದೆ ಉಳಿದವರನ್ನು ಮರೆಯಬೇಡ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ವಿಶ್ವವಿದ್ಯಾಲಯ ಪ್ರವೇಶ ಮತ್ತು ವಿದ್ಯಾರ್ಥಿ ನೆರವಿನ ನೀತಿಯ ಬಗ್ಗೆ ಸಮಿತಿಯ ಮುಂದಿಡಲು ನೀನು ಬರೆದ ಕರಡನ್ನು ನಿಧಾನವಾಗಿ ಓದಿದೆ. ಬರವಣಿಗೆ ಚೊಕ್ಕವಾಗಿದೆ, ಕಳಕಳಿ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಇಡೀ ಕರಡು ಶುಲ್ಕ ಇರಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ. ವಿದ್ಯಾರ್ಥಿವೇತನದ ಕಡತಗಳ ನಡುವೆ ವೃತ್ತಿಜೀವನದ ಬಹುಭಾಗವನ್ನು ಕಳೆದವನಾಗಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ನೀತಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಬೇಕಾದರೆ, ಓದುವ ಶಕ್ತಿಯಿದ್ದೂ ಅರ್ಜಿಯನ್ನೇ ಹಾಕದೆ ಉಳಿದವರ ಕಡೆಗೆ ಮೊದಲು ನೋಡು. ಕಡತದಲ್ಲಿ ಹೆಸರಿರುವ ವಿದ್ಯಾರ್ಥಿ ಹೇಗೋ ಕಚೇರಿಯ ಬಾಗಿಲಿನವರೆಗೆ ಬಂದವನು, ಅವನ ಕಷ್ಟ ದಾಖಲಾಗುತ್ತದೆ, ಅವನ ಪರವಾಗಿ ಹೋರಾಟ ನಡೆಯುತ್ತದೆ. ಬಾರದೇ ಹೋದವನ ಬಗ್ಗೆ ಯಾವ ಕಡತವೂ ಇರುವುದಿಲ್ಲವಾದ್ದರಿಂದ ಅವನನ್ನು ನೆನಪಿಟ್ಟುಕೊಳ್ಳುವ ಹೊಣೆ ನೀತಿಯನ್ನು ಬರೆಯುವವರ ಮೇಲೆಯೇ ಬೀಳುತ್ತದೆ.

ಇದನ್ನು ಶುಲ್ಕದ ಪರವಾದ ವಾದವೆಂದು ತಿಳಿಯಬೇಡ. ಆಸ್ಟ್ರೇಲಿಯಾದ ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯೆ, ಅದಕ್ಕೆ ಒಂದು ಪುಟವನ್ನಾದರೂ ಕೊಡಬೇಕು. ಅಲ್ಲಿ 1974 ರಲ್ಲಿ ವಿಟ್ಲಮ್ ಸರ್ಕಾರ ವಿಶ್ವವಿದ್ಯಾಲಯದ ಶುಲ್ಕವನ್ನು ರದ್ದು ಮಾಡಿತು. ಅದರಿಂದ ಹಲವರಿಗೆ, ವಿಶೇಷವಾಗಿ ಮದುವೆ ಮಕ್ಕಳು ಎಲ್ಲ ಆದ ಮೇಲೆ ಓದಲು ಬಂದ ಹೆಂಗಸರಿಗೆ, ನಿಜವಾದ ಅನುಕೂಲವಾಯಿತು. ಆದರೂ ಒಟ್ಟು ವಿದ್ಯಾರ್ಥಿಗಳಲ್ಲಿ ಬಡ ಮನೆತನಗಳಿಂದ ಬಂದವರ ಪಾಲು ನಿರೀಕ್ಷಿಸಿದಷ್ಟು ಏರಲಿಲ್ಲ, ಏಕೆಂದರೆ ಶಾಲೆಯನ್ನೇ ನಡುವೆ ಬಿಟ್ಟವನಿಗೆ ಉಚಿತ ವಿಶ್ವವಿದ್ಯಾಲಯದಿಂದ ದೊರೆಯುವುದು ಏನೂ ಇಲ್ಲ. ಮುಂದೆ 1989 ರಲ್ಲಿ ಹಾಕ್ ಸರ್ಕಾರ ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್ಮನ್ ರೂಪಿಸಿದ ಪದ್ಧತಿಯಂತೆ ವರ್ಷಕ್ಕೆ 1,800 ಆಸ್ಟ್ರೇಲಿಯನ್ ಡಾಲರ್ ಶುಲ್ಕವನ್ನು ಜಾರಿಗೆ ತಂದಿತು. ಆದರೆ ಅದನ್ನು ಪ್ರವೇಶದ ದಿನವೇ ಕಟ್ಟಬೇಕೆಂದು ಕಡ್ಡಾಯ ಮಾಡಲಿಲ್ಲ. ಓದು ಮುಗಿದು, ಸಂಪಾದನೆ ಒಂದು ಮಟ್ಟವನ್ನು ದಾಟಿದ ಮೇಲೆ, ಆದಾಯ ತೆರಿಗೆಯ ಜೊತೆಗೇ ಸಂಬಳದ ಒಂದು ಸಣ್ಣ ಅಂಶವಾಗಿ ಅದು ವಸೂಲಾಗುತ್ತಿತ್ತು. ಕೆಲಸ ಹೋದ ವರ್ಷ ಕಂತೂ ನಿಲ್ಲುತ್ತಿತ್ತು, ಜಾಮೀನಿನ ಮಾತೇ ಇರಲಿಲ್ಲ, ಮನೆಯ ಹಿರಿಯರ ಸಹಿಯೂ ಬೇಕಿರಲಿಲ್ಲ. ಶುಲ್ಕ ಬಂದ ಕಾರಣಕ್ಕೆ ಬಡ ವಿದ್ಯಾರ್ಥಿಗಳ ಪಾಲು ಕುಸಿದದ್ದು ಕಂಡುಬರಲಿಲ್ಲ, ಬಂದ ಹಣದಿಂದ ಸೀಟುಗಳು ಹೆಚ್ಚಿದವು. ಎಷ್ಟು ಕೊಡಬೇಕು ಎಂಬುದರಷ್ಟೇ, ಯಾವಾಗ ಕೊಡಬೇಕು ಮತ್ತು ಕೊಡಲಾಗದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗಳೂ ಬಡ ಮನೆಯವರನ್ನು ಕಾಡುತ್ತವೆ. ಬ್ಯಾಂಕಿನ ಸಾಲವನ್ನೂ ಈ ಪದ್ಧತಿಯನ್ನೂ ನಿನ್ನ ಕರಡು ಒಂದೇ ಶೀರ್ಷಿಕೆಯಡಿ 'ವಿದ್ಯಾರ್ಥಿ ಸಾಲ' ಎಂದು ಸೇರಿಸಿಬಿಟ್ಟಿದೆ. ಅವೆರಡನ್ನು ಮೊದಲು ಬೇರೆ ಮಾಡು.

ಬ್ಯಾಂಕುಗಳ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಚಿಲಿ ದೇಶದಲ್ಲಿ ನೋಡಬಹುದು. ಅಲ್ಲಿ 2005 ರಲ್ಲಿ ಸರ್ಕಾರದ ಖಾತರಿಯೊಂದಿಗೆ ಬ್ಯಾಂಕ್ ಸಾಲದ ಯೋಜನೆ ಬಂತು, ಬಡ್ಡಿ ಸುಮಾರು ಶೇ. 6 ರಷ್ಟಿತ್ತು. ಕಲಿತವರಿಗೆ ಕೆಲಸ ಸಿಕ್ಕದಿದ್ದರೂ ಕಂತು ನಿಲ್ಲುತ್ತಿರಲಿಲ್ಲ. 2011 ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ, 2012 ರಲ್ಲಿ ಬಡ್ಡಿಯನ್ನು ಶೇ. 2 ಕ್ಕೆ ಇಳಿಸಿದರು, 2016 ರಿಂದ ಕೆಳ ಆದಾಯದ ಅರ್ಧದಷ್ಟು ಕುಟುಂಬಗಳ ಮಕ್ಕಳಿಗೆ ಉಚಿತ ಶಿಕ್ಷಣ ಕೊಟ್ಟರು. ಅದು ದೊಡ್ಡ ಹೆಜ್ಜೆಯೇ. ಆದರೆ ಆ ಸೌಲಭ್ಯ ಕೋರ್ಸಿನ ನಿಗದಿತ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಅರ್ಧ ದಿನ ದುಡಿದು ಅರ್ಧ ದಿನ ಓದುವ ಹುಡುಗ ಒಂದು ವರ್ಷ ಹಿಂದೆ ಬಿದ್ದರೆ, ಕೊನೆಯ ಮೆಟ್ಟಿಲಿನ ಹತ್ತಿರ ಶುಲ್ಕ ಮತ್ತೆ ಅವನ ಎದುರು ಬಂದು ನಿಲ್ಲುತ್ತದೆ. ಇಂಥ ಸಣ್ಣ ಷರತ್ತುಗಳನ್ನು ನೀತಿಯ ಅನುಬಂಧಗಳಲ್ಲಿ ಹುಡುಕಿ ಓದುವುದನ್ನು ಅಭ್ಯಾಸ ಮಾಡಿಕೋ.

ಆದಾಯಕ್ಕೆ ಹೊಂದಿಕೊಂಡ ಮರುಪಾವತಿ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ 1998 ರಲ್ಲಿ 1,000 ಪೌಂಡಿನಿಂದ ಆರಂಭವಾದ ಶುಲ್ಕದ ಮಿತಿ 2006 ರಲ್ಲಿ 3,000 ಆಯಿತು, 2012 ರಲ್ಲಿ ಒಂದೇ ಏಟಿಗೆ 9,000 ಕ್ಕೆ ಏರಿತು. ವಸೂಲಿಯ ಮೂಲತತ್ವ ಆಸ್ಟ್ರೇಲಿಯಾದ್ದೇ: ಒಂದು ಮಿತಿಯ ಮೇಲಿನ ಸಂಪಾದನೆಯಲ್ಲಿ ಶೇ. 9 ರಷ್ಟನ್ನು ಕೊಡಬೇಕು. ಶಾಲೆ ಮುಗಿಸಿ ನೇರವಾಗಿ ಪೂರ್ಣಾವಧಿಗೆ ಸೇರುವ ಎಳೆಯರ ಸಂಖ್ಯೆ ಭಯಪಟ್ಟಂತೆ ಕುಸಿಯಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಆದರೆ ಕೆಲಸ ಮಾಡುತ್ತಾ ಅರೆಕಾಲಿಕವಾಗಿ ಓದುವ ಹಿರಿಯ ವಯಸ್ಸಿನವರ ಸಂಖ್ಯೆ ತೀವ್ರವಾಗಿ ಇಳಿಯಿತು. ನೀತಿಯನ್ನು ಸಮರ್ಥಿಸುವವರು ಮೊದಲನೆಯ ಅಂಕಿಯನ್ನು ಮಾತ್ರ ತೋರಿಸುತ್ತಾರೆ. ನೀನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸು. 2016 ರಲ್ಲಿ ಬಡ ವಿದ್ಯಾರ್ಥಿಗಳ ಜೀವನ ವೆಚ್ಚಕ್ಕೆ ಕೊಡುತ್ತಿದ್ದ ಅನುದಾನವನ್ನೂ ನಿಲ್ಲಿಸಿ ಅದನ್ನು ಸಾಲವಾಗಿ ಬದಲಿಸಿದಾಗ, ಅತಿ ಬಡ ಮನೆಯಿಂದ ಬಂದವರೇ ಅತಿ ದೊಡ್ಡ ಸಾಲದೊಂದಿಗೆ ಪದವಿ ಪಡೆಯುವಂತಾಯಿತು. 2023 ರಿಂದ ಸೇರಿದವರಿಗೆ ಮರುಪಾವತಿಯ ಮಿತಿ 25,000 ಪೌಂಡು, ಉಳಿಕೆ ಸಾಲ ಮನ್ನಾ ಆಗಲು 40 ವರ್ಷ ಕಾಯಬೇಕು. ಅವರಿಗಿಂತ ಮೊದಲಿನವರಿಗೆ ಅದು 30 ವರ್ಷವಾಗಿತ್ತು. ಹತ್ತು ವರ್ಷ ಹೆಚ್ಚಿಸಿದ ಆ ಒಂದು ತಿದ್ದುಪಡಿಯ ಭಾರವನ್ನು ಹೊರುವವರು ಬಹಳ ಹೆಚ್ಚು ಸಂಪಾದಿಸುವವರಲ್ಲ, ಅವರು ಬೇಗ ತೀರಿಸಿ ಮುಕ್ತರಾಗುತ್ತಾರೆ. ಶಿಕ್ಷಕರು, ದಾದಿಯರು, ಮಧ್ಯಮ ಸಂಬಳದ ನೌಕರರು ನಿವೃತ್ತಿಯ ಅಂಚಿನವರೆಗೂ ಕಟ್ಟುತ್ತಲೇ ಇರುತ್ತಾರೆ.

ಇನ್ನೊಂದು ಅಪಾಯವನ್ನು ನಿನ್ನ ಕರಡು ಗಮನಿಸಿಲ್ಲ. ಸಾಲದ ಷರತ್ತನ್ನು ಸರ್ಕಾರ ಆಮೇಲೆ ಬದಲಿಸಬಹುದು. ಇಂಗ್ಲೆಂಡಿನಲ್ಲಿ ಮರುಪಾವತಿಯ ಮಿತಿ ಸಂಬಳಗಳೊಡನೆ ಏರುತ್ತದೆಂಬ ಭರವಸೆಯ ಮೇಲೆ ಸಾಲ ಪಡೆದವರಿಗೆ, 2015 ರಲ್ಲಿ ಅದನ್ನು 21,000 ಪೌಂಡಿನಲ್ಲೇ ನಿಲ್ಲಿಸುತ್ತೇವೆಂದು ತಿಳಿಸಲಾಯಿತು. ವಿರೋಧ ಬಂದ ಮೇಲೆ 2018 ರಲ್ಲಿ ಅದನ್ನು 25,000 ಕ್ಕೆ ಏರಿಸಿದರು ನಿಜ, ಆದರೆ ಈಗಾಗಲೇ ಸಹಿ ಹಾಕಿದವನ ಒಪ್ಪಂದ ಬದಲಾಗಬಲ್ಲದು ಎಂಬುದು ಎಲ್ಲರಿಗೂ ತಿಳಿದುಹೋಯಿತು. ಆಸ್ಟ್ರೇಲಿಯಾದಲ್ಲಿಯೂ ಹಣದುಬ್ಬರಕ್ಕೆ ಅನುಗುಣವಾಗಿ ಸಾಲದ ಮೊತ್ತವನ್ನು ಏರಿಸುವ ನಿಯಮ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆದು, 2023 ರಲ್ಲಿ ಒಮ್ಮೆಲೇ ಶೇ. 7.1 ರಷ್ಟು ಏರಿದಾಗ ಕೂಗೆದ್ದಿತು. ಬೆಲೆಗಳ ಏರಿಕೆ ಮತ್ತು ವೇತನಗಳ ಏರಿಕೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಅನ್ವಯಿಸಬೇಕೆಂದು 2024 ರಲ್ಲಿ ಕಾನೂನನ್ನು ತಿದ್ದಿದರು. ನೀನು ಸಾಲದ ಪದ್ಧತಿಯನ್ನು ಒಪ್ಪಿದರೂ ಒಪ್ಪದಿದ್ದರೂ, ಈಗಿನ ಸಾಲಗಾರರ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಕೂಡದು ಎಂಬ ಕಲಮನ್ನು ಕಾನೂನಿನಲ್ಲೇ ಸೇರಿಸಬೇಕೆಂದು ಕೇಳು. ಸುತ್ತೋಲೆಯಲ್ಲಿ ಕೊಟ್ಟ ಭರವಸೆಯನ್ನು ಇನ್ನೊಂದು ಸುತ್ತೋಲೆ ಕಿತ್ತುಕೊಳ್ಳುತ್ತದೆ.

ಶುಲ್ಕವಿಲ್ಲದ ದೇಶಗಳಲ್ಲಿಯೂ ಪ್ರಶ್ನೆ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ, ಆದರೆ ವೆಚ್ಚ ಮಿತಿಮೀರದಂತೆ ಅವರ ಸೀಟುಗಳ ಸಂಖ್ಯೆಗೆ ಸರ್ಕಾರ ಮಿತಿ ಹಾಕಿದೆ. ಜರ್ಮನಿಯ ಹಲವು ರಾಜ್ಯಗಳು 2006 ರ ಸುಮಾರಿಗೆ ಪ್ರತಿ ಸೆಮಿಸ್ಟರಿಗೆ 500 ಯೂರೋವರೆಗೆ ಶುಲ್ಕ ತಂದು, ಜನವಿರೋಧದಿಂದ ಒಂದೊಂದಾಗಿ ಹಿಂತೆಗೆದುಕೊಂಡವು, 2014 ರಲ್ಲಿ ಲೋವರ್ ಸ್ಯಾಕ್ಸನಿಯೊಂದಿಗೆ ಆ ಅಧ್ಯಾಯ ಮುಗಿಯಿತು. ಅಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಜೀವನ ವೆಚ್ಚಕ್ಕಾಗಿ 1971 ರಲ್ಲಿ ಬಂದ ಬಾಫೋಗ್ ನೆರವು. ಆರಂಭದಲ್ಲಿ ಮುಖ್ಯವಾಗಿ ಅನುದಾನವಾಗಿದ್ದ ಅದನ್ನು 1983 ರಲ್ಲಿ ಪೂರ್ತಿ ಸಾಲವನ್ನಾಗಿ ಮಾಡಿ, 1990 ರಲ್ಲಿ ಅರ್ಧ ಅನುದಾನ, ಅರ್ಧ ಬಡ್ಡಿರಹಿತ ಸಾಲ ಎಂಬ ಈಗಿನ ರೂಪಕ್ಕೆ ತಂದರು. ಒಬ್ಬರು ಹಿಂದಿರುಗಿಸಬೇಕಾದ ಗರಿಷ್ಠ ಮೊತ್ತ 10,010 ಯೂರೋ ಎಂದು ಮಿತಿಯನ್ನೂ ಹಾಕಿದ್ದಾರೆ. ಆ ಮಿತಿ ಅತ್ಯಂತ ಮಾನವೀಯವಾದ ನಿಯಮ, ಏಕೆಂದರೆ ತನ್ನ ಸಾಲ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿದವನು ಧೈರ್ಯವಾಗಿ ಓದಲು ಹೊರಡುತ್ತಾನೆ. ಆದರೆ ಅದೇ ನೆರವಿನಲ್ಲಿ ಮನೆ ಬಾಡಿಗೆಗೆಂದು ಕೊಡುವ ಮೊತ್ತ, 2024 ರಲ್ಲಿ ಏರಿಸಿದ ಮೇಲೆಯೂ, ದೇಶಕ್ಕೆಲ್ಲ ಒಂದೇ 380 ಯೂರೋ. ಮ್ಯೂನಿಕ್ ನಗರದಲ್ಲಿ ಆ ಹಣಕ್ಕೆ ಕೋಣೆ ಸಿಗುವುದು ಕಷ್ಟ. ಶುಲ್ಕ ಸೊನ್ನೆಯಾಗಿದ್ದರೂ ಬಾಡಿಗೆ ಹುಟ್ಟದವನು ಮನೆಯಲ್ಲೇ ಉಳಿಯುತ್ತಾನೆ, ಇಲ್ಲವೆ ಮನೆಗೆ ಹತ್ತಿರವಿರುವ ಕೋರ್ಸಿಗೆ ಸೇರುತ್ತಾನೆ. ಹಾಗಾಗಿ ಸರ್ಕಾರದ ಬಳಿ ಹಣ ಮಿತವಾಗಿದ್ದು ಆಯ್ಕೆ ಮಾಡಲೇಬೇಕಾಗಿ ಬಂದರೆ, ಎಲ್ಲರ ಶುಲ್ಕ ಮನ್ನಾಕ್ಕಿಂತ ಮೊದಲು ಬಡ ವಿದ್ಯಾರ್ಥಿಯ ಊಟ, ವಸತಿ, ಪ್ರಯಾಣಕ್ಕೆ ಹಣ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲರಿಗೂ ಉಚಿತವೆಂದರೆ ಅದನ್ನು ಎಲ್ಲ ವರ್ಗದವರೂ ಕಾಪಾಡುತ್ತಾರೆ ಎಂಬ ನಿನ್ನ ವಾದಕ್ಕೆ ಬಲವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆ ವಾದವನ್ನು ಉಳಿಸಿಕೋ, ಆದರೆ ಜೀವನ ವೆಚ್ಚದ ಅಧ್ಯಾಯವನ್ನು ಅದಕ್ಕಿಂತ ಮುಂದೆ ತಾ.

ಇನ್ನು ನಾನು ಆರಂಭದಲ್ಲಿ ಹೇಳಿದ, ಅರ್ಜಿಯನ್ನೇ ಹಾಕದವರ ವಿಷಯ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗ ನಡೆಸಿದರು. ಚೆನ್ನಾಗಿ ಓದುವ, ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ, ನಿನಗೆ ಪ್ರವೇಶ ಸಿಕ್ಕರೆ ನಾಲ್ಕು ವರ್ಷ ಶುಲ್ಕವಿಲ್ಲ, ನೆರವಿನ ಅರ್ಜಿಗಳನ್ನು ತುಂಬಿ ಬಡತನವನ್ನು ಸಾಬೀತು ಮಾಡಬೇಕಾಗಿಯೂ ಇಲ್ಲ ಎಂಬ ಖಚಿತ ಭರವಸೆಯನ್ನು ಪತ್ರದಲ್ಲಿ ಕಳಿಸಿದರು. ಆ ಮಕ್ಕಳಲ್ಲಿ ಬಹುಪಾಲು ಜನರಿಗೆ ಪತ್ರವಿಲ್ಲದಿದ್ದರೂ ಅಷ್ಟೇ ನೆರವು ದೊರೆಯುತ್ತಿತ್ತು. ಆದರೂ ಪತ್ರ ತಲುಪದವರಲ್ಲಿ ಶೇ. 26 ಜನ ಅರ್ಜಿ ಹಾಕಿದರೆ, ತಲುಪಿದವರಲ್ಲಿ ಶೇ. 68 ಜನ ಹಾಕಿದರು, ಅಲ್ಲಿಗೆ ಸೇರಿದವರ ಪ್ರಮಾಣ ಶೇ. 12 ರಿಂದ 27 ಕ್ಕೆ ಏರಿತು. ನೆರವಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದ್ದು, ಅದು ಖಂಡಿತ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಹೊಸದಾಗಿತ್ತು. ಅದೇ ದೇಶದ ಮತ್ತೊಂದು ಅಧ್ಯಯನದಲ್ಲಿ, ತೆರಿಗೆ ಲೆಕ್ಕ ಬರೆಸಲು ಬಂದ ತಂದೆ ತಾಯಿಯರಿಗೆ ಅಲ್ಲಿಯೇ ಮಕ್ಕಳ ನೆರವಿನ ಅರ್ಜಿಯನ್ನೂ ತುಂಬಿಕೊಟ್ಟರು. ಮುಂದಿನ ಮೂರು ವರ್ಷಗಳಲ್ಲಿ ಎರಡು ವರ್ಷದ ಓದನ್ನು ಮುಗಿಸಿದ ಮಕ್ಕಳ ಪ್ರಮಾಣ ಶೇ. 28 ರಿಂದ 36 ಕ್ಕೆ ಏರಿತು. ಬರಿಯ ಮಾಹಿತಿ ಕೊಟ್ಟು ಅರ್ಜಿ ತುಂಬಲು ನೆರವಾಗದೆ ಕಳಿಸಿದ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮಾಹಿತಿ ಪ್ರಚಾರ ಮಾಡಿದ್ದೇವೆಂದು ಕೈತೊಳೆದುಕೊಳ್ಳುವ ಇಲಾಖೆಗಳ ಮುಂದೆ ಈ ಅಂಕಿಗಳನ್ನು ಇಡು. ಸರ್ಕಾರದ ಬಳಿ ಕುಟುಂಬದ ಆದಾಯದ ದಾಖಲೆ ಈಗಾಗಲೇ ಇರುವಾಗ, ಅದೇ ಪ್ರಮಾಣಪತ್ರವನ್ನು ಹುಡುಗಿಯೊಬ್ಬಳಿಂದ ಮತ್ತೆ ಮತ್ತೆ ಕೇಳುವುದು ಅವಳನ್ನು ಹಿಂದಕ್ಕೆ ಕಳಿಸುವ ಒಂದು ವಿಧಾನವೇ ಆಗುತ್ತದೆ.

ಆದಾಯದ ಮಿತಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 2018 ರಿಂದ ವರ್ಷಕ್ಕೆ 3,50,000 ರ‍್ಯಾಂಡ್‌ವರೆಗಿನ ಆದಾಯದ ಕುಟುಂಬಗಳಿಗೆ ಪೂರ್ಣ ನೆರವು ಬಂತು. ಆ ಗೆರೆಯನ್ನು ಸ್ವಲ್ಪ ದಾಟಿದವರು ಶ್ರೀಮಂತರೂ ಅಲ್ಲ, ನೆರವಿಗೆ ಅರ್ಹರೂ ಅಲ್ಲ ಎಂಬ ಸ್ಥಿತಿಗೆ ಸಿಕ್ಕಿಕೊಂಡರು. ಗೆರೆಯ ಬಳಿ ನೆರವು ಒಮ್ಮೆಲೇ ನಿಲ್ಲದೆ ಮೆಲ್ಲಮೆಲ್ಲನೆ ಇಳಿಯುವಂತೆ ನಿನ್ನ ಸೂತ್ರವನ್ನು ಬರೆ. ಹಾಗೆಯೇ ನೆರವಿನ ಮೊತ್ತ ಬೆಲೆಗಳ ಜೊತೆ ತಾನಾಗಿ ಏರುವಂತೆ ಕಾನೂನಿನಲ್ಲೇ ಕಟ್ಟಿಹಾಕು. ಅಮೆರಿಕದ ಕೇಂದ್ರ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನದ ಗರಿಷ್ಠ ಮೊತ್ತ 1970 ರ ದಶಕದ ಮಧ್ಯದಲ್ಲಿ ಸಾರ್ವಜನಿಕ ಕಾಲೇಜಿನ ಒಟ್ಟು ವೆಚ್ಚದ ಮುಕ್ಕಾಲು ಭಾಗವನ್ನು ತುಂಬುತ್ತಿತ್ತು, ಈಗ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಅದನ್ನು ಯಾರೂ ರದ್ದು ಮಾಡಲಿಲ್ಲ, ಬೆಲೆಗಳು ಏರುತ್ತಿದ್ದಾಗ ಅದು ಅದೇ ವೇಗದಲ್ಲಿ ಏರಲಿಲ್ಲ, ಅಷ್ಟೆ.

ಕೊನೆಯದಾಗಿ, ಹಣ ಕೈಸೇರುವ ದಿನಾಂಕ. ಮಂಜೂರಾದ ವಿದ್ಯಾರ್ಥಿವೇತನ ಪರೀಕ್ಷೆಯೇ ಮುಗಿದ ಮೇಲೆ ಬಂದದ್ದನ್ನು, ಅಷ್ಟರಲ್ಲಿ ಆ ವಿದ್ಯಾರ್ಥಿ ಓದು ಬಿಟ್ಟು ದುಡಿಯಲು ಹೋಗಿದ್ದದ್ದನ್ನು ನಾನು ನನ್ನ ಮೇಜಿನ ಮೇಲೆಯೇ ಕಂಡಿದ್ದೇನೆ, ಮತ್ತು ಆ ಹಣ ವಾರ್ಷಿಕ ವರದಿಯಲ್ಲಿ ಪೂರ್ತಿ ವಿತರಣೆಯಾಗಿದೆ ಎಂದೇ ದಾಖಲಾಗಿತ್ತು. ಆದ್ದರಿಂದ ತರಗತಿಗಳು ಆರಂಭವಾಗುವ ಮೊದಲೇ ಮೊದಲ ಕಂತು ವಿದ್ಯಾರ್ಥಿಯ ಖಾತೆಗೆ ಸೇರಬೇಕು, ತಡವಾದರೆ ಅದರ ದಂಡವನ್ನು ಇಲಾಖೆಯೇ ಭರಿಸಬೇಕು, ಹಣ ಬಾರದ ಕಾರಣಕ್ಕೆ ಯಾವ ಸಂಸ್ಥೆಯೂ ಪರೀಕ್ಷೆಯನ್ನಾಗಲಿ ಪ್ರಮಾಣಪತ್ರವನ್ನಾಗಲಿ ತಡೆಹಿಡಿಯಕೂಡದು ಎಂದು ಸ್ಪಷ್ಟವಾಗಿ ಬರೆ. ಈ ಕಲಮಿನ ಮೇಲೆ ಹಣಕಾಸು ಇಲಾಖೆಯವರು ಹೆಚ್ಚು ತಕರಾರು ತೆಗೆಯುತ್ತಾರೆ, ಹಾಗಾಗಿ ಪರಿಷ್ಕೃತ ಕರಡಿನಲ್ಲಿ ಉಳಿದ ಭಾಗಗಳಿಗಿಂತ ಮೊದಲು ಇದನ್ನೇ ಬರೆದು ನನಗೆ ಕಳಿಸಿಕೊಡು. ಅದರ ಪ್ರತಿ ಪದವನ್ನೂ ನಿನ್ನ ಜೊತೆ ಕುಳಿತು ನೋಡುತ್ತೇನೆ.

ಇತಿ ನಿನ್ನ ಶ್ರೇಯೋಭಿಲಾಷಿ,
ದೊಡ್ಡಪ್ಪ